ಹೇಳಿದ್ರೆ ಕೊಡ್ತೀನಿ

ತಾಳ ತಪ್ಪಿತು, ಮತ್ತೆ ತಪ್ಪಿತು, ಮೇಲಿನ ಮಹಡಿಯಲ್ಲಿ ಯಾರೋ ಡ್ರಮ್ಮು ಬಡಿಯುತ್ತಿದ್ದಾರೆ, ಬಡಿಯುವವರಿಗೆ ಕೈಯಿದೆ ಕಿವಿಯಿಲ್ಲ, ಆ ಪೆಟ್ಟಿಗೂ ಈ ಮೆಟ್ಟಿಲಿಗೂ ಹೊಂದಿಕೆಯಾಗದೆ ಅವಳ ಮಂಡಿ ಪ್ರತಿ ಸಲವೂ ತಡವರಿಸುತ್ತದೆ, ಈ ಬೆಟ್ಟದೂರಿನಲ್ಲಿ ಎಲ್ಲಿಗೆ ಹೋಗುವುದಿದ್ದರೂ ಒಂದೋ ಹತ್ತಬೇಕು ಇಲ್ಲವೇ ಇಳಿಯಬೇಕು, ಮನುಷ್ಯರು ನೆಟ್ಟಗೆ ನಡೆಯುವ ಜಾಗ ಒಂದಾದರೂ ಬೇಡವೇ — ಮುಂದೆ ನಾದಿನಿ, ಸೊಂಟದಲ್ಲಿ ಲಾಂಡ್ರಿಯ ಕೀಲಿಗೊಂಚಲು ಝಣಝಣ, ನಿಧಾನ ಅತ್ತಿಗೆ, ಇಲ್ಲಿ ಪಾಚಿ ಕಟ್ಟಿದೆ, ಜಾರ್ತೀರಾ ಅನ್ನುತ್ತಾಳೆ, ಅನ್ನುವಾಗ ತಿರುಗಿಯೂ ನೋಡುವುದಿಲ್ಲ, ಜಾರಲಿ ಅಂತಲೇ ಇರಬೇಕು, ಇಲ್ಲ, ಪಾಪ, ಅವಳಿಗೆ ಅಷ್ಟು ಬುದ್ಧಿಯಿಲ್ಲ, ಊರಿನ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದೂ ಒಗೆದೂ ತಲೆಯೊಳಗೂ ಸೋಪಿನ ನೊರೆಯೇ ತುಂಬಿಕೊಂಡಿದೆ, ಕೊಳೆ ಅಂದರೆ ಬಟ್ಟೆಯಲ್ಲಿರುವುದು ಅಂತಲೇ ಅವಳ ತಿಳಿವಳಿಕೆ. ವಾರಕ್ಕೊಮ್ಮೆ ಅಣ್ಣನನ್ನು ಲಾಂಡ್ರಿ ವ್ಯಾನಿನಲ್ಲಿ ಕೂರಿಸಿಕೊಂಡು ಈ ಕಲಾಕೇಂದ್ರಕ್ಕೆ ತಂದು ಬಿಡುತ್ತಾಳೆ, ಇವತ್ತು ಅವನನ್ನು ಬಿಟ್ಟು ವಾಪಸು ಮನೆಗೆ ಬಂದು ಬಾಗಿಲಲ್ಲೇ ನಿಂತು ಹಟ ಹಿಡಿದಳು, ಅಣ್ಣ ಅಲ್ಲಿ ಮಾತಾಡ್ತಾನೆ ಅತ್ತಿಗೆ, ಬಾಯ್ತುಂಬ ಮಾತಾಡ್ತಾನೆ, ನಾನು ಹೇಳಿದ್ರೆ ನೀವು ನಂಬಲ್ಲ, ಬಂದು ಕಣ್ಣಾರೆ ನೋಡಿ. ಮಾತಾಡುತ್ತಾನಂತೆ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ದಿನದಿಂದ ಅವನ ಬಾಯಲ್ಲಿ ಉಳಿದಿರುವುದು ಒಂದೇ ಮಾತು, ಅದು, ನೀರು ಬೇಕಾದರೂ ಅದು, ಬಚ್ಚಲಿಗೆ ಹೋಗಬೇಕಾದರೂ ಅದು, ನೋವಾದರೂ ಅದು, ಕಟ್ಟಿಕೊಂಡ ಹೆಂಡತಿಯೂ ಅದು, ಮನೆಯಲ್ಲಿ ಇಲ್ಲದ ಮಾತು ಇಲ್ಲಿ ಎಲ್ಲಿಂದ ಉದುರುತ್ತದೆ, ಸುಳ್ಳು, ಸುಳ್ಳೇ ಇರಬೇಕು — ಆದರೂ ನಿಜವೇ ಆದರೆ ಏನು ಮಾತಾಡುತ್ತಾನೆ, ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ನಡೆಯುವುದನ್ನು ನಾಲ್ಕು ಜನರೆದುರು ಹೇಳಿಬಿಟ್ಟರೆ, ಈ ನೊರೆಬುರುಡೆಯೆದುರು ಹೇಳಿಬಿಟ್ಟರೆ? ಹೆದರಿಕೆ, ಹೆದರಿಕೆಯೇ ಅದು, ಅದಕ್ಕೆ ಬೇರೆ ಹೆಸರೇಕೆ. ನೋಡಿಯೇ ಬಿಡೋಣ ಅಂತ ಕಪ್ಪು ಶಾಲು ಹೊದ್ದು ಹೊರಟುಬಂದಳು.

ಒಳಗೆ ಚಳಿ, ಹೊರಗಿಗಿಂತ ಹೆಚ್ಚು, ಇದು ಹಿಂದೆ ರೋಪ್‌ವೇ ನಿಲ್ದಾಣವಾಗಿತ್ತು, ಜನರನ್ನು ಗಾಜಿನ ಡಬ್ಬಿಯಲ್ಲಿ ತೂಗುಹಾಕಿ ಬೆಟ್ಟದ ತುದಿಗೆ ಕಳಿಸುತ್ತಿದ್ದ ಜಾಗ, ಡಬ್ಬಿ ಹೋಯಿತು, ಹಗ್ಗ ಹೋಯಿತು, ಮಾಡಿನ ಕೆಳಗೆ ಆಳೆತ್ತರದ ಕಬ್ಬಿಣದ ಚಕ್ರವೊಂದು ಉಳಿದಿದೆ, ಅದಕ್ಕೆ ಹಳದಿ ಬಣ್ಣ ಬಳಿದು ನಗುವ ಸೂರ್ಯನನ್ನಾಗಿ ಮಾಡಿದ್ದಾರೆ, ಕಣ್ಣು ಎರಡೂ ಒಂದೇ ಮಟ್ಟದಲ್ಲಿಲ್ಲ, ಈ ಮುಖಕ್ಕೆ ಕನ್ನಡಕ ಕೂರಿಸಬೇಕಾದರೆ ಒಂದು ಕಾಲು ಬಗ್ಗಿಸಬೇಕಾಗುತ್ತದೆ. ಬಾಗಿಲ ಸಂದಿಯಲ್ಲಿ ಜೇಡಿಮಣ್ಣಿನ ಕೋಣೆ, ನಿವೃತ್ತರಾದ ಗಂಡಸರು ಏಪ್ರನ್ ಕಟ್ಟಿಕೊಂಡು ಸೊಟ್ಟ ಬಟ್ಟಲು ಮಾಡುತ್ತಿದ್ದಾರೆ, ಒಬ್ಬರ ಬಟ್ಟಲಿಗೆ ಇನ್ನೊಬ್ಬರು ಆಹಾ ಅನ್ನುತ್ತಿದ್ದಾರೆ, ಇಲ್ಲಿ ಯಾರು ಏನು ಮಾಡಿದರೂ ಚೆನ್ನಾಗಿದೆಯಂತೆ, ಗೋಡೆಗೇ ಅಂಟಿಸಿದ್ದಾರೆ, ತಪ್ಪು ಎಂಬುದೇ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ. ಇಲ್ಲವೇ? ಅವಳು ಕನ್ನಡಕದ ಗಾಜು ಉಜ್ಜುತ್ತಿದ್ದ ಕೋಣೆಯಲ್ಲಿ ಇತ್ತಪ್ಪ, ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿ ಮೆಟ್ಟಿಲಿಳಿಯುವಾಗ ಮುಗ್ಗರಿಸುತ್ತಿದ್ದ, ಕನ್ನಡಕದ ಅಂಗಡಿ ಅಂದರೆ ಹುಡುಗಾಟವೇ — ಅಂಗಡಿಯ ಮುಂಗೋಣೆಯಲ್ಲಿ ಗಂಡ, ಬಿಳಿ ಅಂಗಿ, ಗೋಡೆಯ ಮೇಲೆ ಅಕ್ಷರದ ಹಲಗೆ, ಓದಿ, ಕೆಳಗಿನ ಸಾಲು ಓದಿ ಸಾರ್, ಈಗ ಹೇಗಿದೆ, ಈಗ, ಬೆಣ್ಣೆ ಸವರಿದಂಥ ಮಾತು, ಹಿಂದಿನ ಕೋಣೆಯಲ್ಲಿ ಅವಳು, ತಿರುಗುವ ಸಾಣೆಕಲ್ಲು, ಕಲ್ಲಿನ ಮೇಲೆ ತೊಟ್ಟಿಕ್ಕುವ ನೀರು, ಉಗುರಿನೊಳಗೆ ಗಾಜಿನ ಬಿಳಿ ಕೆಸರು, ಉಜ್ಜುವುದು, ಒರೆಸುವುದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಉಜ್ಜುವುದು, ಮದುವೆಯಾಗಿ ಬಂದ ವಾರದಿಂದ ಅಂಗಡಿ ಮಾರುವವರೆಗೂ ಅದೇ. ಯಾರಾದರೂ ಹಿಂದಿನ ಕೋಣೆಗೆ ತಲೆ ಹಾಕಿ ಕನ್ನಡಕ ಬಲು ಹಗುರವಾಗಿದೆ ಅಮ್ಮ ಅಂದರೆ, ಅವಳು ಬಾಯಿ ತೆರೆಯುವುದರೊಳಗೆ ಅವನೇ, ಅವಳನ್ನ ಕೇಳ್ಬೇಡಿ ಸಾರ್, ನಮ್ಮನೇಲಿ ಮಾತಿನ ಖಾತೆ ನಂದು, ಕೆಲಸದ ಖಾತೆ ಅವಳದು — ಗಿರಾಕಿ ನಗುತ್ತಿದ್ದ, ಅವನು ನಗುತ್ತಿದ್ದ, ಇದೇ ನಾದಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನೆಂಟರ ಮನೆಯಲ್ಲೂ ಅದೇ ಮಾತು, ಮದುವೆಮನೆಯಲ್ಲೂ ಅದೇ, ಅವಳೂ ನಗುತ್ತಿದ್ದಳು, ನಗದಿದ್ದರೆ ಮನೆಗೆ ಬಂದ ಮೇಲೆ ಅದಕ್ಕೂ ಒಂದು ಪಾಠ ಇರುತ್ತಿತ್ತು, ಮುಖ ಯಾಕೆ ಗಂಟು ಹಾಕ್ಕೊಂಡಿದ್ದೆ, ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತಾನಾ? ಡಾಕ್ಟರ ಹತ್ತಿರ ಹೋದರೆ ಅವಳ ಹೊಟ್ಟೆನೋವನ್ನೂ ಅವನೇ ಹೇಳುತ್ತಿದ್ದ, ಎಲ್ಲಿ ನೋವು ಅಂದರೆ ತಾನೇ ತೋರಿಸುತ್ತಿದ್ದ, ತಪ್ಪು ಜಾಗ ತೋರಿಸುತ್ತಿದ್ದ, ಅವಳು ಆ ತಪ್ಪು ಜಾಗಕ್ಕೆ ಔಷಧಿ ಕುಡಿದು ಬರುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವನು ಕನ್ನಡಿಯ ಮುಂದೆಯೇ ಕುಸಿದ, ಸೋಪು ಮೆತ್ತಿದ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಏನ್ರೀ ಆಯ್ತು ಅಂದರೆ ಅದು ಅಂದ, ಮತ್ತೆ ಅದು ಅಂದ, ಮನೆಯಲ್ಲಿ ಎಂಥ ನಿಶ್ಶಬ್ದ — ಛೆ, ಆಗ ಅಳುತ್ತಿದ್ದಳು, ಅತ್ತದ್ದು ನಿಜ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ, ಇನ್ನೂ ಹಾಲುಗಲ್ಲದ ಹುಡುಗಿ, ಹೇಳಿಕೊಟ್ಟಳು, ಅವರು ಕೇಳೋ ಮುಂಚೆ ಏನೂ ಕೊಡ್ಬೇಡಿ ಅಮ್ಮ, ಅದರ ಹೆಸರು ಹೇಳೋಕೆ ಅವರೇ ಪ್ರಯತ್ನಪಡಲಿ, ಸ್ವಲ್ಪ ಕಾಯಿರಿ, ಆಗ್ಲಿಲ್ಲ ಅಂದ್ರೆ ಕೊಟ್ಬಿಡಿ. ಸ್ವಲ್ಪ ಅಂದರೆ ಎಷ್ಟು ಅಂತ ಹೇಳಲಿಲ್ಲ, ಅದು ಆ ಹುಡುಗಿಯ ತಪ್ಪು. ಮೊದಮೊದಲು ಹಾಗೇ ಮಾಡಿದ್ದು, ಲೋಟದಲ್ಲಿ ನೀರು ಹಿಡಿದು ಎದುರಿಗೆ ಕೂತು, ಹೇಳಿ, ನೀ... ರು... ಅನ್ನಿ ರೀ, ಅವನ ಹಣೆಯ ನರ ಉಬ್ಬುತ್ತಿತ್ತು, ತುಟಿ ನಡುಗುತ್ತಿತ್ತು, ಹೊರಗೆ ಬರುವುದು ಮಾತ್ರ ಅದು, ಅಯ್ಯೋ ಕುಡೀರಿ ಅಂತ ಕೊಟ್ಟುಬಿಡುತ್ತಿದ್ದಳು. ಆಮೇಲೆ, ಯಾವತ್ತಿನಿಂದ ಅಂತ ಹೇಳಲಾರಳು, ಕಾಯುವುದು ಹಿತವಾಗತೊಡಗಿತು. ಹಿತವೇ, ಸುಳ್ಳೇಕೆ ಹೇಳಬೇಕು, ಬೆಳಿಗ್ಗೆ ಎದ್ದರೆ ಅದಕ್ಕಾಗಿ ಮನಸ್ಸು ಹಾತೊರೆಯುತ್ತಿತ್ತು, ಲೋಟದ ಮೇಲಿನ ಬೆರಳ ಗುರುತು ಒರೆಸುವುದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಅವಸರವೇನು, ಅವನು ಅದು ಅದು ಅನ್ನುತ್ತಾನೆ, ಅದು ಅಂದ್ರೆ ಯಾವುದು, ಅದಕ್ಕೊಂದು ಹೆಸರಿಲ್ವಾ, ಹೇಳು, ಹೇಳಿದ್ರೆ ಕೊಡ್ತೀನಿ. ಇಷ್ಟು ವರ್ಷ ರೀ ಅಂತ ಕರೆಯುತ್ತಿದ್ದ ಗಂಡನಿಗೆ ಬಾಗಿಲು ಹಾಕಿದ ಮೇಲೆ ನೀನು, ಬಾಗಿಲು ತಟ್ಟಿದ ಸದ್ದಾದರೆ ಅದೇ ಉಸಿರಿನಲ್ಲಿ ರೀ, ಯಾರೋ ಬಂದ್ರು ನೋಡಿ. ಹೊಡೆಯಲಿಲ್ಲ, ಬಯ್ಯಲಿಲ್ಲ, ಹೊತ್ತು ಹೊತ್ತಿಗೆ ಮಾತ್ರೆ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು, ಇಸ್ತ್ರಿ ಮಾಡಿದ ಅಂಗಿ, ಬಂದವರೆಲ್ಲ ಪುಣ್ಯ ಮಾಡಿದ್ದ ಮಹರಾಯ, ಇಂಥ ಹೆಂಡತಿ ಸಿಗೋಕೆ ಅಂತ ಹೇಳಿಹೋಗುತ್ತಿದ್ದರು, ಅವನಿಗೂ ಕೇಳಿಸುವಂತೆ ಹೇಳುತ್ತಿದ್ದರು. ಒಂದು ಸಂಜೆ ಮಾತ್ರ — ಅವಳಿಗೆ ಬಾಯಾರಿಕೆಯೇನೂ ಆಗಿರಲಿಲ್ಲ — ಅವನು ಅದು ಅದು ಅಂತ ಬೆವರುತ್ತಿದ್ದಾಗ ಆ ಲೋಟವನ್ನು ತಾನೇ ಎತ್ತಿ ಕುಡಿದಳು, ನಿಧಾನವಾಗಿ, ಗುಟುಕು ಗುಟುಕಾಗಿ, ಕೊನೆಯ ಹನಿಯವರೆಗೂ, ಕುಡಿದು ಅವನ ಕಿವಿಯ ಹತ್ತಿರ ಬಗ್ಗಿ ಅಂದಳು, ಮಾತಿನ ಖಾತೆ ನಿಂದಲ್ವಾ. ಅಷ್ಟೇ. ಆಮೇಲೆ ಇನ್ನೊಂದು ಲೋಟ ತಂದು ಕೊಟ್ಟಳು, ಕೊಡದೆ ಬಿಟ್ಟಳೇನು.

ನಾದಿನಿ ನಾಟಕದ ಕೋಣೆಯ ಬಾಗಿಲು ನೂಕಿ ಹಿಂದಿನ ಬೆಂಚು ತೋರಿಸುತ್ತಾಳೆ, ಇಲ್ಲೇ ಕೂತ್ಕೊಳ್ಳಿ ಅತ್ತಿಗೆ, ಅಣ್ಣ ಇನ್ನೂ ನೋಡಿಲ್ಲ, ಹೀಟರಿನ ಸುಟ್ಟ ವಾಸನೆ, ಒದ್ದೆ ಉಣ್ಣೆಯ ವಾಸನೆ, ಬೆಂಚುಗಳ ಮೇಲೆ ಹತ್ತು ಹನ್ನೆರಡು ಜನ, ಎಲ್ಲರೂ ಏನಾದರೊಂದು ಕಳೆದುಕೊಂಡವರು, ಕಾಲು, ಗಂಡ, ಕೆಲಸ, ಕಳೆದುಕೊಂಡದ್ದನ್ನೇ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸುವವರು, ಆಡಿಸುವವಳು ಕೆಂಪು ಉಣ್ಣೆ ಟೋಪಿಯ ಹೆಂಗಸು, ಟೋಪಿ ಮೇಡಂ ಅಂತಲೇ ಎಲ್ಲರೂ ಕರೆಯುವುದು, ಒಳಗೂ ಟೋಪಿ ತೆಗೆಯುವುದಿಲ್ಲ ಮಹಾತಾಯಿ. ಇಲ್ಲಿ ಒಂದೇ ನಿಯಮ ಅತ್ತಿಗೆ, ನಾದಿನಿ ಕಿವಿಯಲ್ಲಿ ಪಿಸುಗುಡುತ್ತಾಳೆ, ಅವರವರ ಕಥೇಲಿ ಅವರವರು ಅವರೇ ಆಗೋ ಹಾಗಿಲ್ಲ, ಎದುರಿನವರಾಗ್ಬೇಕು, ಮಗ ಬಿಟ್ಟುಹೋದೋರು ಮಗ ಆಗ್ಬೇಕು, ಕೆಲಸ ಹೋದೋರು ಸಾಹುಕಾರ ಆಗ್ಬೇಕು, ಅಣ್ಣ ಸುಮ್ನೆ ಮೂಲೇಲಿ ಕೂತಿರ್ತಿದ್ದ, ಒಂದಿನ ಆ ಬೇಕರಿಯಮ್ಮ ನೀರು ಕೊಡೋಕೆ ಹೋದ್ರೆ, ಅವರ ಹೆಗಲ ಮೇಲಿನ ಶಾಲು ಎಳಕೊಂಡು ತಾನೇ ಹೊದ್ಕೊಂಡ, ಲೋಟ ಕಿತ್ಕೊಂಡ, ಆಮೇಲೆ ನೋಡಿ, ಸಲೀಸಾಗಿ ಮಾತು, ಹೆಣ್ಣು ದನೀಲಿ! ಶಾಲು ತೆಗೆದ್ರೆ ಮತ್ತೆ ಅದು ಅದು. ಯಾರ ಥರ ಆಡ್ತಾನೆ ಹೇಳಿ, ಆಸ್ಪತ್ರೆಯ ಆ ಮಾತಿನ ಡಾಕ್ಟರಮ್ಮ ಇದಾಳಲ್ಲ, ಅವಳ ಥರ, ನಕ್ಕೂ ನಕ್ಕೂ ಸಾಕಾಗುತ್ತೆ — ಹೆಣ್ಣು ದನಿಯಲ್ಲಿ. ಅದೋ ಅವನು, ನಡುವೆ ಕುರ್ಚಿ ಹಾಕಿ ಕೂರಿಸಿದ್ದಾರೆ, ಹೆಗಲ ಮೇಲೆ ಬೇಕರಿಯಮ್ಮನ ಹೂವಿನ ಶಾಲು, ಎಡಗೈಯಲ್ಲಿ ಲೋಟ, ಎದುರಿಗೆ ರೋಗಿಯಾಗಿ ಕೂತ ಬೇಕರಿಯಮ್ಮ ದಪ್ಪ ಕೈ ಚಾಚಿ ಅದು, ಅದು ಅನ್ನುತ್ತಾಳೆ, ಅವನು ಲೋಟವನ್ನು ಎದೆಯ ಮೇಲಿನ ಶಾಲಿಗೆ ಉಜ್ಜಿ ಒರೆಸಿದ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ, ಒಂದು ಕಣ್ಣು ಮುಚ್ಚಿದ. ಅದು ಅಂದ್ರೆ ಯಾವುದು — ಬಂತು ಮಾತು, ತೊದಲಿಲ್ಲ, ತಡೆಯಿಲ್ಲ, ಅವಳ ದನಿ, ಕೊನೆಯಲ್ಲಿ ಸ್ವಲ್ಪ ಮೂಗಿನಿಂದ ಎಳೆಯುವ ಅವಳದೇ ದನಿ — ಅದಕ್ಕೊಂದು ಹೆಸರಿಲ್ವಾ, ಹೇಳು, ಹೇಳಿದ್ರೆ ಕೊಡ್ತೀನಿ. ಬೆಂಚುಗಳೆಲ್ಲ ಘೊಳ್ಳೆಂದವು. ಡಾಕ್ಟರಮ್ಮ ಔಷಧಿ ಅಳೆಯೋದು ನೋಡಿ ಅಂತ ನಾದಿನಿ ಅವಳ ತೊಡೆಗೆ ಬಡಿದಳು, ನಗುವಿನಲ್ಲಿ ಕಣ್ಣೀರು ಒರೆಸಿಕೊಂಡಳು. ಯಾರಿಗೂ ಗೊತ್ತಿಲ್ಲ. ಯಾರೊಬ್ಬರಿಗೂ ಗೊತ್ತಿಲ್ಲ, ಬದುಕಿದೆ, ಎಂಥ ಪೆದ್ದರು ಇವರು, ಯಾವ ಡಾಕ್ಟರಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಯಾವ ಡಾಕ್ಟರಮ್ಮ ಅಪ್ಪನ ವಯಸ್ಸಿನವನಿಗೆ ಹೇಳು ಅನ್ನುತ್ತಾಳೆ, ಪೆದ್ದರಾಗಿಯೇ ಇರಲಿ ದೇವರೇ, ಎದ್ದು ಹೋಗಿಬಿಡಬೇಕು, ತಲೆನೋವು ಅಂದರಾಯಿತು, ಮುಂದಿನ ವಾರದಿಂದ ಇವನನ್ನು ಇಲ್ಲಿಗೆ ಕಳಿಸಬಾರದು, ಚಳಿ ಆಗಿಬರಲ್ಲ, ಕೆಮ್ಮು ಬಂದಿದೆ, ನೆಪಕ್ಕೇನು ಬರಗಾಲ.

ಹಿಂದೆ ಕೂತಿರೋರು ಯಾರು, ಹೊಸಬರಾ, ಟೋಪಿ ಮೇಡಂ ಕೇಳಿದಳು, ಕೇಳಿದ್ದೇ ತಡ ನಾದಿನಿ ಎದ್ದು ನಿಂತು ನಮ್ಮ ಅತ್ತಿಗೆ ಮೇಡಂ, ಅಣ್ಣನ ಹೆಂಡತಿ ಅಂತ ಸಾರಿದಳು, ಎಲ್ಲರೂ ತಿರುಗಿದರು, ಅವನೂ ತಿರುಗಿದ. ನೋಡಿದ. ಗಾಬರಿಯಾಗಲಿಲ್ಲ, ಲೋಟ ಅಲುಗಲಿಲ್ಲ, ಬಾಯಿಯ ಒಳ್ಳೆಯ ಕಡೆ ಮಾತ್ರ ಸ್ವಲ್ಪ ಮೇಲಕ್ಕೆ ಹೋಯಿತು, ಅವಳು ಬರುತ್ತಾಳೆ ಅಂತ ಕಾದಿದ್ದನೇನೋ, ಇಷ್ಟು ದಿನ ಆಡಿದ್ದೆಲ್ಲ ಬರೀ ತಾಲೀಮೋ. ಬನ್ನಿ ಅಮ್ಮ, ರೋಗಿ ಪಾತ್ರ ನೀವೇ ಮಾಡಿ, ಅವರಿಗೆ ಎಷ್ಟು ಖುಷಿಯಾಗುತ್ತೆ, ಒಂದೇ ಮಾತು, ಅದು ಅಂತ ಅಂದ್ರೆ ಸಾಕು, ಬೇರೆ ಏನೂ ಅನ್ನೋ ಹಾಗಿಲ್ಲ. ಅಯ್ಯೋ ನಂಗೆ ಬರಲ್ಲ ಮೇಡಂ, ನಂಗೆ ನಾಚಿಕೆ — ಇಲ್ಲಿ ತಪ್ಪು ಅನ್ನೋದೇ ಇಲ್ಲ ಬನ್ನಿ, ನಾದಿನಿ ರಟ್ಟೆ ಹಿಡಿದು ಎಬ್ಬಿಸಿದಳು, ಬಟ್ಟೆ ಹಿಂಡುವ ಕೈ, ಬಿಡಿಸಿಕೊಳ್ಳಲಾಗದು, ಬೆಂಚುಗಳ ನಡುವೆ ನಡೆಸಿಕೊಂಡು ಹೋಗುವಾಗಲೇ ಅವಳ ಹೆಗಲಿನಿಂದ ಕಪ್ಪು ಶಾಲು ತೆಗೆದು, ಇದನ್ನ ಹಾಕ್ಕೋ ಅಣ್ಣ, ಮನೇದು ಅಂತ ಅವನಿಗೆ ಹೊದಿಸಿದಳು. ಅವನು ಲೋಟವನ್ನು ತೊಡೆಗಳ ನಡುವೆ ಇಟ್ಟು ಎಡಗೈಯಿಂದ ಶಾಲನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದುಕೊಂಡು ತುದಿಯನ್ನು ಕಂಕುಳಿಗೆ ಸಿಕ್ಕಿಸಿದ, ಅವಳು ಸಿಕ್ಕಿಸುವ ಹಾಗೆಯೇ. ಕುರ್ಚಿ ತಣ್ಣಗಿದೆ. ಇಷ್ಟು ಹತ್ತಿರದಿಂದ ಲೋಟ ದೊಡ್ಡದಾಗಿ ಕಾಣುತ್ತದೆ, ಈ ಕಡೆಯಿಂದ ಅವಳು ಯಾವತ್ತೂ ನೋಡಿರಲಿಲ್ಲ, ನೀರಿನ ಅಂಚು ಗಾಜಿಗೆ ಅಂಟಿ ಮೇಲೇರಿದ್ದು, ಅದರಾಚೆ ಅವನ ಮುಖ ಅಗಲವಾಗಿ ಹಿಗ್ಗಿದ್ದು, ಸ್ಟಾರ್ಟ್ ಅಂದಳು ಟೋಪಿ ಮೇಡಂ. ಅದು, ಅಂದಳು ಅವಳು, ಬೇಗ ಮುಗಿಸಿಬಿಡುವಾ ಅಂತ, ಅದು. ಅವನು ಲೋಟ ಒರೆಸಿದ. ಬೆಳಕಿಗೆ ಹಿಡಿದ. ಅವಸರವೇನು. ಅದು ಅಂದ್ರೆ ಯಾವುದು, ಅದಕ್ಕೊಂದು ಹೆಸರಿಲ್ವಾ. ಅದು. ಹೇಳು. ಅದು. ಹೇಳಿದ್ರೆ ಕೊಡ್ತೀನಿ ಅಂತ ಹೇಳ್ಲಿಲ್ವಾ, ಅತ್ತರೆ ಬರುತ್ತಾ, ಅಳೋದು ಸುಲಭ — ಇದೂ ಅವಳದೇ, ಇದನ್ನು ಯಾವಾಗ ಅಂದಿದ್ದಳು, ಮರೆತೇ ಹೋಗಿತ್ತು, ಅವನು ಒಂದನ್ನೂ ಬಿಟ್ಟಿಲ್ಲ, ಅವಳು ಆಡಿದ್ದನ್ನೆಲ್ಲ ಒಂದೊಂದಾಗಿ ಒಳಗೆ ಹಾಕಿಕೊಂಡಿದ್ದಾನೆ, ಅವನ ಮಾತೆಲ್ಲ ಸತ್ತು ಖಾಲಿಯಾದ ಜಾಗದಲ್ಲಿ ಅವಳದನ್ನೇ ತುಂಬಿಕೊಂಡಿದ್ದಾನೆ, ಇನ್ನು ಅವನು ಬದುಕಿರುವಷ್ಟು ದಿನ ಆ ಬಾಯಿಂದ ಬರುವುದು ಅವಳೇ. ಜನ ನಗುತ್ತಿದ್ದಾರೆ. ಎಷ್ಟು ಚೆನ್ನಾಗಿ ಮಾಡ್ತಾರೆ ಅತ್ತಿಗೆ ಕೂಡ, ಕೈ ನಡುಗಿಸೋದು ನೋಡಿ. ಕೈ ನಡುಗಿಸುತ್ತಿಲ್ಲ, ನಡುಗುತ್ತಿದೆ. ಅವನು ಲೋಟವನ್ನು ತನ್ನ ತುಟಿಗೆ ಇಟ್ಟ.

ಬೇಡ, ಅದೊಂದು ಬೇಡ, ಅನ್ನಬೇಕು ಅನ್ನಿಸಿತು, ಬೇರೆ ಮಾತು ಆಡುವಂತಿಲ್ಲ, ಅದು ಅಂದಳು. ಅವನು ಕುಡಿದ, ಕತ್ತು ಹಿಂದಕ್ಕೆ ಚಾಚಿ, ಒಂದು ಗುಟುಕು, ಗಂಟಲ ಗಂಟು ಮೇಲೇರಿತು, ಇಳಿಯಿತು, ಅವಳು ಅಂದೇ ಗಡ್ಡ ಹೆರೆದ ಗಂಟಲು, ಮಡಿಕೆಯೊಳಗೆ ಉಳಿದ ನಾಲ್ಕು ಬಿಳಿ ಕೂದಲು, ಇನ್ನೊಂದು ಗುಟುಕು, ಏರಿತು, ಇಳಿಯಿತು, ಬಿದ್ದುಹೋದ ಕಡೆಯ ಬಾಯಿಯಿಂದ ನೀರು ಸೋರಿ ಶಾಲಿನ ಮೇಲೆ ಇಳಿಯುತ್ತಿದೆ, ಒರೆಸಲು ಅವಳ ಕೈ ತಾನಾಗಿ ಮುಂದೆ ಹೋಯಿತು, ದಿನವೂ ಒರೆಸುವ ಕೈ, ಅವನು ಮೊಣಕೈಯಿಂದ ತಳ್ಳಿದ, ಗುಟುಕು, ಏರಿತು, ಇಳಿಯಿತು. ಅಯ್ಯೋ ಪಾಪ, ಡಾಕ್ಟರಮ್ಮನೇ ಕುಡಿದುಬಿಟ್ಳು, ಯಾರೋ ಕೂಗಿದರು, ಹಿಂದೆ ಯಾರೋ ಬೆಂಚು ಗುದ್ದಿ ನಕ್ಕರು, ಇದು ಹೊಸದು ಮೇಡಂ, ಇದನ್ನ ಇಷ್ಟು ದಿನ ಆಡೇ ಇರ್ಲಿಲ್ಲ, ಅಂದಳು ನಾದಿನಿ. ಇರಲಿಲ್ಲ, ಇದನ್ನು ಅವಳಿಗೆಂದೇ ಇಟ್ಟಿದ್ದ. ಖಾಲಿ ಲೋಟವನ್ನು ಮಡಿಲಿಗಿಟ್ಟು ಅವನು ಮುಂದೆ ಬಗ್ಗಿದ, ಅವಳ ಕಿವಿಯ ಕಡೆಗೆ, ಈಗ ಬರುತ್ತದೆ, ಈಗ, ಒಂದೇ ಸಾಲು, ನಾದಿನಿಗೆ ಗೊತ್ತಿರುವ ಸಾಲು, ಅಣ್ಣನ ಆ ಜೋಕು ಡಾಕ್ಟರಮ್ಮನಿಗೆ ಹೇಗೆ ಗೊತ್ತು ಅಂತ ನೊರೆಬುರುಡೆಗೂ ಹೊಳೆಯುವ ಸಾಲು, ಹೊಳೆದರೆ ಮುಗಿಯಿತು, ನಗು ನಿಲ್ಲುತ್ತದೆ, ಎಲ್ಲರೂ ಅವಳ ಕಡೆ ತಿರುಗುತ್ತಾರೆ, ಪುಣ್ಯಾತ್ಗಿತ್ತಿ ಹೆಂಡತಿಯನ್ನು ನೋಡುತ್ತಾರೆ. ಮಾ, ಅಂದ ಅವನು. ಅವನ ಉಸಿರು ಅವಳ ಕಿವಿಗೆ ಬೆಚ್ಚಗೆ ತಾಗುತ್ತಿದೆ, ಮಾ... ತಿ... ಎರಡಕ್ಷರ, ಅಲ್ಲಿಗೇ ನಿಲ್ಲಿಸಿದ. ಬರುವುದಿಲ್ಲ ಅಂತ ನಿಲ್ಲಿಸಿದ್ದಲ್ಲ, ಬರುತ್ತದೆ, ನಾಲಗೆಯ ತುದಿಯಲ್ಲಿದೆ, ಅವಳಿಗೆ ಗೊತ್ತು, ಹಿಡಿದಿಟ್ಟುಕೊಂಡು ಕೂರುವವರ ಮುಖ ಹೇಗಿರುತ್ತದೆ ಅಂತ ಅವಳಿಗಲ್ಲದೆ ಯಾರಿಗೆ ಗೊತ್ತು, ಅವನು ಹಿಂದಕ್ಕೆ ಒರಗಿ ಅವಳನ್ನು ನೋಡುತ್ತ ಕಾಯುತ್ತಿದ್ದಾನೆ, ಕಾಯುವುದು ಹಿತವಾಗಿದೆ ಅವನಿಗೆ. ಮುಂದೆ ಹೇಳು ಅಣ್ಣ, ಏನೋ ಇದೆ ಅಲ್ವಾ, ನಾದಿನಿ ಎದ್ದು ನಿಂತಿದ್ದಾಳೆ. ಒತ್ತಾಯ ಬೇಡ, ತಾನಾಗೇ ಬರುತ್ತೆ, ಮುಂದಿನ ವಾರ, ಅಂದಳು ಟೋಪಿ ಮೇಡಂ. ಚಪ್ಪಾಳೆ, ಅವಳಿಗೂ ಚಪ್ಪಾಳೆ, ಬೇಕರಿಯಮ್ಮ ಬಂದು ತಬ್ಬಿಕೊಂಡಳು, ಎಷ್ಟು ತಾಳ್ಮೆ ನಿಮ್ದು ತಾಯಿ, ಮೈಯೆಲ್ಲ ಬ್ರೆಡ್ಡಿನ ವಾಸನೆ.

ವ್ಯಾನಿನಲ್ಲಿ ಮುಂದೆ ಎರಡೇ ಸೀಟು, ಅಣ್ಣ ತಂಗಿಗೆ ಸರಿಹೋಯಿತು, ಅವಳು ಹಿಂದೆ, ಹೋಟೆಲಿನ ಚಾದರದ ಗಂಟುಗಳ ನಡುವೆ, ಯಾರ ಯಾರದೋ ಬೆವರು, ಯಾರ ಯಾರದೋ ಕೂದಲು, ಇಳಿಜಾರಿನ ಪ್ರತಿ ತಿರುವಿನಲ್ಲೂ ಗಂಟುಗಳು ಅವಳ ಮೇಲೆ ಬಂದು ಒರಗುತ್ತವೆ, ನಾದಿನಿಯ ಬಾಯಿ ನಿಂತಿಲ್ಲ, ಟೋಪಿ ಮೇಡಂ ಏನಂದ್ರು ಕೇಳಿಸ್ಕೊಂಡ್ರಲ್ಲ ಅತ್ತಿಗೆ, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಮನೇಲೂ ಇದನ್ನೇ ಆಡಿಸ್ಬೇಕಂತೆ, ನೀವು ರೋಗಿ, ಅಣ್ಣ ಡಾಕ್ಟರಮ್ಮ, ದಿನಾ ಆಡಿಸಿದ್ರೆ ಮಾತೆಲ್ಲ ವಾಪಸು ಬರುತ್ತಂತೆ, ನಾಳೇನೇ ಬಟ್ಟೆಬರೆ ತಗೊಂಡು ಬಂದು ನಿಮ್ಮನೇಲೇ ಇದ್ದುಬಿಡ್ತೀನಿ, ನೀವೊಬ್ರೇ ಎಷ್ಟು ಅಂತ ಮಾಡ್ತೀರಾ, ನಾನೇ ಕೂತು ಎಲ್ಲಾ ಗಮನಿಸ್ತೀನಿ. ಬೇಡ, ಯಾಕೆ ನಿಂಗೆ ತೊಂದ್ರೆ, ಅಂದಳು ಅವಳು, ದನಿ ಗಂಟುಗಳಲ್ಲಿ ಹೂತುಹೋಯಿತು, ಏನಂದ್ರಿ ಅಂತಲೂ ನಾದಿನಿ ಕೇಳಲಿಲ್ಲ. ಬಾಯಾರಿಕೆ, ಎಂಥ ಬಾಯಾರಿಕೆ, ನಾಲಗೆ ಅಂಗುಳಕ್ಕೆ ಅಂಟಿದೆ, ಮುಂದೆ ಸೀಟಿನ ಪಕ್ಕದಲ್ಲಿ ನೀರಿನ ಬಾಟಲಿ ಇದೆ, ಅವನ ಎಡಗೈಗೆ ಎಟಕುವಂತಿದೆ, ಕೇಳಬಹುದು, ಕೇಳಿದರೆ ಕೊಡುತ್ತಾರೆ, ಹೆಸರು ಹಿಡಿದು ಕೇಳಬೇಕು ಅಷ್ಟೇ, ಕೇಳಲಾರಳು, ಸತ್ತರೂ ಕೇಳಲಾರಳು. ಶಾಲು ಕೊಡಿ ರೀ, ಚಳಿಯಾಗ್ತಿದೆ ಅಂತ ಹೊರಡುವಾಗ ಕೈ ಚಾಚಿದ್ದಳು, ಅವನು ಕೊಟ್ಟಿರಲಿಲ್ಲ, ಇರ್ಲಿ ಬಿಡಿ ಅತ್ತಿಗೆ, ಅವನಿಗಿಷ್ಟ ಅಂದಿದ್ದಳು ನಾದಿನಿ, ಈಗಲೂ ಹೊದ್ದೇ ಇದ್ದಾನೆ, ತುದಿ ಕಂಕುಳಿಗೆ ಸಿಕ್ಕಿಸಿಕೊಂಡು, ಶಾಲು ಇದ್ದರೆ ಮಾತು ಇರುತ್ತದೆ, ಈಗಲೂ ಆಡಬಹುದು, ಮುಂದಿನ ತಿರುವಿನಲ್ಲಿ ಆಡಬಹುದು, ಮನೆಯ ಬಾಗಿಲಲ್ಲಿ ಆಡಬಹುದು, ನಾಳೆ ಅಥವಾ ಮುಂದಿನ ಮಳೆಗಾಲಕ್ಕೆ, ಅವನಿಗೆ ತೋಚಿದಾಗ, ಅವಳು ಅಲ್ಲಿಯವರೆಗೂ ಅವನ ಬಾಯಿ ನೋಡುತ್ತ ಅನ್ನ ಕಲಸಬೇಕು, ಮಾತ್ರೆ ಕೊಡಬೇಕು, ಗಡ್ಡ ಹೆರೆಯಬೇಕು, ಆ ಗಂಟಲ ಮೇಲೆ ಬ್ಲೇಡು ಹಿಡಿದು — ಛೆ, ಏನು ಯೋಚನೆ, ನೋಡಬಾರದು, ಕಣ್ಣು ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡರೆ ಅದೇ ಕಾಣುತ್ತದೆ, ಏರುತ್ತದೆ, ಇಳಿಯುತ್ತದೆ, ತೆರೆದರೆ ಕನ್ನಡಿ, ನಾದಿನಿಯ ತಲೆಯ ಮೇಲಿನ ಪುಟ್ಟ ಕನ್ನಡಿ, ಅದು ಅವನ ಕಡೆಗೇ ತಿರುಗಿಕೊಂಡಿದೆ, ಕಣ್ಣು ಕಾಣುವುದಿಲ್ಲ, ಬಾಯಿ ಕಾಣುವುದಿಲ್ಲ, ಕಪ್ಪು ಶಾಲಿನ ಅಂಚು ಮತ್ತು ಅದರ ಮೇಲೆ ಆ ಗಂಟಲು, ಏನೋ ಹೇಳೋಕಿದೆ ಅಣ್ಣನಿಗೆ ಅಂತಾಳೆ ನಾದಿನಿ, ವ್ಯಾನು ನಿಧಾನವಾಗುತ್ತದೆ, ಹೇಳಣ್ಣ, ಗಂಟಲ ಗಂಟು ಮೇಲೇರಿತು, ಏರಿ ಅಲ್ಲೇ ನಿಂತಿತು, ಇಳಿಯಲಿಲ್ಲ, ಶಾಲಿನ ಅಂಚಿನ ಮೇಲೆ ಅಲ್ಲೇ, ಇಳಿಯಲಿಲ್ಲ